ಹದಿಮೂರರ ಮಗ್ಗಿ ಹೇಳುತ್ತಾ ಓಡಿದ ವರ್ಷ

ಎರಡು ವರ್ಷ ನಾನು ಓಡಿದ್ದೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಕಿಲೋಮೀಟರಿಗೆ 6 ನಿಮಿಷ 50 ಸೆಕೆಂಡು. ಮಂಗಳವಾರ ಜಯನಗರದ ರಸ್ತೆಗಳಲ್ಲೂ ಅದೇ, ಭಾನುವಾರ ಲಾಲ್‌ಬಾಗಿನಲ್ಲೂ ಅದೇ. ಮನೆಗೆ ಬರುವಾಗ ಮೈಯೆಲ್ಲ ಬೆವರು, ಏದುಸಿರು. ಇವತ್ತು ಚೆನ್ನಾಗಿ ಓಡಿದೆ ಅನ್ನಿಸುತ್ತಿತ್ತು. ಆದರೆ 10 ಕಿಲೋಮೀಟರಿನ ನನ್ನ ಟೈಮು 64 ನಿಮಿಷ ಬಿಟ್ಟು ಅಲ್ಲಾಡಲಿಲ್ಲ. ಓಡುವ ಖುಷಿ ಮಾತ್ರ ತಿಂಗಳಿಂದ ತಿಂಗಳಿಗೆ ಕರಗುತ್ತಾ ಬಂತು.

ಟೈಮಿನ ಹಿಂದೆ ಬಿದ್ದರೆ ಖುಷಿ ಹೋಗುತ್ತದೆ, ಖುಷಿಗೆ ಓಡಿದರೆ ಟೈಮು ಬರುವುದಿಲ್ಲ ಅಂತ ತುಂಬ ಜನ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಈಗ ನಂಬುವುದಿಲ್ಲ. ನನ್ನ ವಿಷಯದಲ್ಲಿ ಎರಡನ್ನೂ ಕೆಡಿಸಿದ್ದು ಆ ನಡುವಿನ ವೇಗ. ಮಾತಾಡಿಕೊಂಡು ಓಡೋಣ ಅಂದರೆ ಅದು ಜಾಸ್ತಿ. ಕಾಲಿಗೆ ನಿಜವಾದ ಬಲ ಬರಲಿ ಅಂದರೆ ಅದು ಸಾಲದು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಓಡಲು ಶುರು ಮಾಡಿದ್ದು 41ನೇ ವಯಸ್ಸಿನಲ್ಲಿ, ಅಕ್ಕನ ಜೊತೆ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಮನೆ ಎರಡು ಬೀದಿ ಆಚೆ. ಬೆಳಿಗ್ಗೆ ಆರರ ಹೊತ್ತಿಗೆ ಇಬ್ಬರೂ ಲಾಲ್‌ಬಾಗಿನ ಗೇಟಿನಲ್ಲಿ ಇರುತ್ತಿದ್ದೆವು. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕೆರೆ ಪಕ್ಕ ಒಂದು ಸುತ್ತು ಹಾಕಿ, ಕೆಂಪೇಗೌಡರ ಗೋಪುರ ಇರುವ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದೆವು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ. ಆ ಹೊತ್ತಿನಲ್ಲಿ ಅದರ ಮೇಲೆ ಅಂಗೈ ಇಟ್ಟರೆ ತಣ್ಣಗೆ ಹಿತವಾಗಿರುತ್ತದೆ. ಅಕ್ಕ ಡಬ್ಬಿಯಲ್ಲಿ ಒಂದೆರಡು ಖರ್ಜೂರ ತಂದಿರುತ್ತಿದ್ದಳು.

ಆಮೇಲೆ ವರ್ಲ್ಡ್ 10ಕೆ ಓಟಕ್ಕೆ ಇಬ್ಬರೂ ಹೆಸರು ಕೊಟ್ಟೆವು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರಿನ ಓಟ ಅದು. ಮೊದಲ ಸಲ ಇಬ್ಬರೂ ಜೊತೆಯಲ್ಲೇ ಓಡಿ 78 ನಿಮಿಷಕ್ಕೆ ಮುಗಿಸಿದೆವು. ಮರುವರ್ಷ ನಾನೊಬ್ಬಳೇ ಮುಂದೆ ಹೋದೆ, 64 ನಿಮಿಷ. ಅವತ್ತಿನಿಂದ 60 ಅನ್ನುವ ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತು.

ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾಗಿದ್ದು ಅದನ್ನು ದಿನಾ ಬೆಳಿಗ್ಗೆ ಹೊತ್ತುಕೊಂಡು ಹೋಗಿದ್ದರಲ್ಲಿ. ನೂರು ಮೀಟರಿಗೊಮ್ಮೆ ವಾಚು ನೋಡುತ್ತಿದ್ದೆ. ಅಕ್ಕ ಹಿಂದೆ ಬಿದ್ದರೆ "ಸ್ವಲ್ಪ ಬೇಗ ಬಾ ಅಕ್ಕ" ಅನ್ನುತ್ತಿದ್ದೆ. ಒಂದು ಶನಿವಾರ ಅವಳು, "ನೀನು ಓಡ್ಕೊ ಕಣೇ, ನಾನು ಆಮೇಲೆ ಬರ್ತೀನಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಐದು ತಿಂಗಳು ಅವಳು ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಆಗಸ್ಟಿನಲ್ಲಿ ಎಡಗಾಲಿನ ಮುಂದಿನ ಮೂಳೆ ಪಕ್ಕ ನೋವು ಶುರುವಾಯಿತು. ಮೊದಲು ಓಡಿದ ಮೇಲೆ ಮಾತ್ರ, ಆಮೇಲೆ ಮೆಟ್ಟಿಲು ಇಳಿಯುವಾಗಲೂ. ಫಿಸಿಯೋಥೆರಪಿಸ್ಟ್ ಬಳಿ ಹೋದೆ. ಅವರು ಕಾಲು ಒತ್ತಿ ನೋಡಿ, ಆರು ವಾರ ಓಟ ಬೇಡ ಅಂದರು. ಆಮೇಲೆ ನನ್ನ ಫೋನಿನಲ್ಲಿದ್ದ ಮೂರು ತಿಂಗಳ ಓಟದ ಲೆಕ್ಕ ನೋಡಿದರು.

"ಮೇಡಂ, ಇದರಲ್ಲಿ ನಿಮ್ಮ ಸುಲಭದ ದಿನ ಯಾವುದು?"

ನನಗೆ ಉತ್ತರ ಹೊಳೆಯಲಿಲ್ಲ. ಸುಲಭದ ದಿನ ಇರಲೇ ಇಲ್ಲ.

ಅವರು ವಿವರಿಸಿದ್ದು ಇಷ್ಟು. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಉಸಿರು ಆಗುತ್ತದೆ ಅಂತ ದಿನಾ ಜೋರಾಗಿ ಓಡಿದರೆ ಮೂಳೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ನಿಧಾನ ಓಟದಲ್ಲೂ ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಇದನ್ನೆಲ್ಲ ಗಳಿಸಲು ಏದುಸಿರು ಬಿಡಬೇಕಾಗಿಲ್ಲ. ಮನೆಗೆ ಬಂದು ಇನ್ನಷ್ಟು ಓದಿದೆ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ದೊಡ್ಡ ದೊಡ್ಡ ಓಟಗಾರರ, ಸ್ಕೀ ಆಟಗಾರರ, ದೋಣಿ ಹುಟ್ಟು ಹಾಕುವವರ ಅಭ್ಯಾಸದ ಲೆಕ್ಕ ನೋಡಿದ್ದಾರೆ. ಆ ಆಟಗಾರರ ಹತ್ತು ಸಲದ ಅಭ್ಯಾಸದಲ್ಲಿ ಸುಮಾರು ಎಂಟು ಸಲದ್ದು ಸುಲಭದ್ದೇ. ಉಳಿದ ಎರಡು ಸಲ ಮಾತ್ರ ನಿಜವಾಗಿ ಕಷ್ಟದ್ದು. ನಾನು ನೋಡಿದರೆ ಹತ್ತಕ್ಕೆ ಹತ್ತೂ ಸಲ ಆ ನಡುವಿನ ವೇಗದಲ್ಲೇ ಓಡುತ್ತಿದ್ದೆ.

ಇನ್ನೊಂದು ಮಾತು, ಹೆಂಗಸರಿಗೆ ಮುಖ್ಯವಾಗಿ. ಅದೇ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 10.6 ಇತ್ತು. ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಊಟದ ಜೊತೆಗೆ ಕಾಫಿ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ ಅಂದರು. ತಿಂಡಿ ತಿಂದ ತಕ್ಷಣ ಫಿಲ್ಟರ್ ಕಾಫಿ ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಅಭ್ಯಾಸ. ಬದಲಾಯಿಸಿಕೊಂಡೆ. ಟೈಮು ಸುಧಾರಿಸುತ್ತಿಲ್ಲ ಅಂತ ಹೊಸ ಶೂ ಕೊಳ್ಳುವ ಮೊದಲು ದಯವಿಟ್ಟು ಈ ಪರೀಕ್ಷೆ ಮಾಡಿಸಿಕೊಳ್ಳಿ.

ಅಕ್ಟೋಬರಿನಲ್ಲಿ ಅಕ್ಕನ ಮನೆಗೆ ಹೋದೆ. "ನಿಧಾನಕ್ಕೆ ಓಡೋದು ಕಲಿಸಿಕೊಡು" ಅಂದೆ. ಅವಳು ಏನೂ ಕೇಳಲಿಲ್ಲ. "ನಾಳೆ ಆರಕ್ಕೆ ಗೇಟ್ ಹತ್ರ ಇರು" ಅಂದಳು.

ನಿಧಾನ ಅಂದರೆ ಎಷ್ಟು ನಿಧಾನ? ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಾತಿನಲ್ಲಿ ಮೋಸ ಮಾಡಿಕೊಳ್ಳುವುದು ಸುಲಭ. ಹೂಂ, ಹೌದು ಅಂದುಕೊಂಡೇ ವೇಗ ಏರಿಸಿಬಿಡಬಹುದು. ಅಕ್ಕ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಅವಳು ಬೇರೆ ದಾರಿ ಹುಡುಕಿದಳು. ಮಗ್ಗಿ ಹೇಳು ಅಂದಳು, ಅದೂ ಹದಿಮೂರರದ್ದು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಹದಿಮೂರ್ಮೂರ್ಲ ಮೂವತ್ತೊಂಬತ್ತು. ಒಂದು ಸಾಲು ಮುಗಿಯುವವರೆಗೆ ಉಸಿರು ತುಂಡಾಗಬಾರದು. ಸಾಲಿನ ನಡುವೆ ಉಸಿರು ಎಳೆದುಕೊಂಡರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ, ತಕ್ಷಣ ಇಳಿಸಬೇಕು.

ಮೊದಲ ದಿನ ನನಗೆ ಹದಿಮೂರ್ನಾಲ್ಕ್ಲ ದಾಟಲು ಆಗಲಿಲ್ಲ. ವೇಗ ಇಳಿಸಿದೆ, ಮತ್ತೆ ಇಳಿಸಿದೆ. ಹದಿಮೂರ್ಹತ್ಲ ನೂರಾಮೂವತ್ತು ಅನ್ನುವವರೆಗೆ ನೆಮ್ಮದಿಯಾಗಿ ಬಂದಾಗ ವಾಚು ನೋಡಿದೆ. ಕಿಲೋಮೀಟರಿಗೆ 7 ನಿಮಿಷ 50 ಸೆಕೆಂಡು. ಎರಡು ವರ್ಷ ನಾನು ಓಡಿದ್ದ ವೇಗಕ್ಕಿಂತ ಒಂದು ನಿಮಿಷ ನಿಧಾನ. ಜೋರಾಗಿ ನಡೆಯುವವರು ಕೆಲವರು ನಮ್ಮ ಹಿಂದೆಯೇ ಬರುತ್ತಿದ್ದರು. ಮೊದಲ ಎರಡು ವಾರ ಅದಕ್ಕೆ ಮನಸ್ಸು ಒಗ್ಗಲಿಲ್ಲ. ಮೂರನೇ ವಾರ ಮನೆಗೆ ಬಂದ ಮೇಲೂ ಇನ್ನೂ ಸ್ವಲ್ಪ ಓಡಬೇಕು ಅನ್ನಿಸಿತು. ಹಾಗನ್ನಿಸಿ ಎಷ್ಟೋ ದಿನ ಆಗಿತ್ತು.

ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ. ಅವತ್ತು ಬೆಳಕು ಹರಿಯುವ ಮೊದಲೇ ಇಬ್ಬರೂ ಬುಲ್ ಟೆಂಪಲ್ ರಸ್ತೆಗೆ ಓಡಿಕೊಂಡು ಹೋದೆವು. ರಸ್ತೆಯ ಎರಡೂ ಬದಿ ಗೋಣಿತಾಟಿನ ಮೇಲೆ ಕಾಯಿ ಸುರಿಯುತ್ತಿದ್ದರು. ಸುರಿಯುವಾಗ ಮಳೆ ಬಂದ ಹಾಗೆ ಸದ್ದು. ಹಸಿ ಕಾಯಿಗೆ ಅಂಟಿದ ಮಣ್ಣಿನ ವಾಸನೆ ಚಳಿಗಾಳಿಯಲ್ಲಿ ತುಂಬಿತ್ತು. ಒಬ್ಬ ಅಜ್ಜಿ ಎರಡು ಸೇರು ಅಳೆದು, ಮೇಲೊಂದು ಹಿಡಿ ಕೊಸರು ಹಾಕಿ, "ಓಡ್ಕೊಂಡು ಬಂದ್ರಾ? ತಿನ್ನಿ, ತಿನ್ನಿ" ಅಂದಳು. ವಾಪಸ್ಸು ಬರುವಾಗ ಓಡಲಿಲ್ಲ. ಕಾಯಿ ಬಿಡಿಸಿ ತಿನ್ನುತ್ತಾ ನಡೆದುಕೊಂಡು ಬಂದೆವು. ಅವತ್ತು ಎಷ್ಟು ಕಿಲೋಮೀಟರ್ ಆಯಿತು ಅಂತ ನನ್ನ ಹತ್ತಿರ ಲೆಕ್ಕವಿಲ್ಲ, ವಾಚು ಮನೆಯಲ್ಲಿತ್ತು.

ಇಷ್ಟಾದರೂ 60ರ ಆಸೆ ಹೋಗಿರಲಿಲ್ಲ. ಹೋಗಬೇಕು ಅಂತಲೂ ನನಗೆ ಅನ್ನಿಸಲಿಲ್ಲ. ಜೋರಾಗಿ ಓಡುವುದರಲ್ಲೂ ಒಂದು ಸಂತೋಷ ಇದೆ, ಅದು ಬೇರೆ ಥರದ್ದು. ಟೈಮು ನೋಡುವವರು ಓಟವನ್ನು ಪ್ರೀತಿಸುವುದಿಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಜನವರಿಯಿಂದ ಗುರುವಾರ ಒಂದು ದಿನ ಜೋರು ಓಟಕ್ಕೆ ಇಟ್ಟೆ. ಮನೆ ಹತ್ತಿರದ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದ 400 ಮೀಟರಿನ ಮಣ್ಣಿನ ಟ್ರ್ಯಾಕ್ ಇದೆ. ಹದಿನೈದು ನಿಮಿಷ ನಿಧಾನಕ್ಕೆ ಓಡಿ ಮೈ ಬಿಸಿ ಮಾಡಿಕೊಂಡು, ಆಮೇಲೆ ಎರಡೆರಡು ಸುತ್ತು, ಅಂದರೆ 800 ಮೀಟರ್. ಒಂದು ಸುತ್ತಿಗೆ 2 ನಿಮಿಷ 18 ಸೆಕೆಂಡು, ಕಿಲೋಮೀಟರಿಗೆ 5:45ರ ವೇಗ. ನಡುವೆ ಎರಡೂವರೆ ನಿಮಿಷ ನಡಿಗೆ. ಮೊದಲ ವಾರ ಮೂರು ಸಲ ಮಾತ್ರ. ಮಾರ್ಚ್ ಹೊತ್ತಿಗೆ ಆರು ಸಲ.

ಐದನೆಯದು ಯಾವಾಗಲೂ ಕಷ್ಟ. ಎರಡನೇ ಸುತ್ತಿನ ಆಚೆ ಬದಿಯ ತಿರುವಿನಲ್ಲಿ ತೊಡೆ ಭಾರವಾಗುತ್ತದೆ, ಕೈ ಬಿಗಿಯುತ್ತದೆ, ಸಾಕು ನಿಲ್ಲು ಅನ್ನಿಸುತ್ತದೆ. ಆಗ ಭುಜ ಸಡಿಲ ಬಿಟ್ಟು, ಹೆಜ್ಜೆ ಚಿಕ್ಕದು ಮಾಡಿ, ಕಣ್ಣನ್ನು ಸುಣ್ಣದ ಗೆರೆ ಮೇಲಿಟ್ಟರೆ ಆ ನೂರು ಮೀಟರ್ ದಾಟಿಬಿಡುತ್ತದೆ. ಆರನೆಯದು ಆಶ್ಚರ್ಯ ಅನ್ನುವಷ್ಟು ಸಲೀಸು. ಅದು ಮುಗಿದ ಮೇಲೆ ಮಣ್ಣಿನ ಮೇಲೆ ಕೈಯೂರಿ ಬಗ್ಗಿ ನಿಂತಾಗ ಕಿವಿಯಲ್ಲಿ ಎದೆಬಡಿತ ಕೇಳುತ್ತದಲ್ಲ, ಆ ಕ್ಷಣ ನನಗೆ ತುಂಬ ಇಷ್ಟ. ಮುಂದಿನ ಗುರುವಾರ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆ. ಉಳಿದ ಮೂರು ದಿನ ನಿಧಾನಕ್ಕೆ ಓಡಿದ್ದರಿಂದ ಗುರುವಾರ ಕಾಲು ಹಗುರವಾಗಿರುತ್ತಿತ್ತು. ಮೊದಲೆಲ್ಲ ನನಗೆ 5:45 ಆಗದೆ ಇದ್ದದ್ದು ಶಕ್ತಿ ಇಲ್ಲ ಅಂತಲ್ಲ, ಯಾವಾಗಲೂ ಅರ್ಧ ದಣಿದೇ ಇರುತ್ತಿದ್ದೆ.

ವಾರಕ್ಕೆ ನಾಲ್ಕೇ ದಿನ. ಮಂಗಳವಾರ, ಶನಿವಾರ ಐದಾರು ಕಿಲೋಮೀಟರ್ ಸುಲಭದ್ದು. ಭಾನುವಾರ ಹತ್ತು ಹನ್ನೆರಡು, ಅದೂ ಮಗ್ಗಿಯ ವೇಗದಲ್ಲೇ. ಕೆಲವು ಭಾನುವಾರ ಕಬ್ಬನ್ ಪಾರ್ಕಿಗೆ ಹೋಗುತ್ತಿದ್ದೆವು. ಅವತ್ತು ಒಳಗೆ ಗಾಡಿ ಬಿಡುವುದಿಲ್ಲ, ಹಾರ್ನ್ ಇಲ್ಲದ ರಸ್ತೆ ನಮ್ಮ ಊರಿನಲ್ಲಿ ಎಲ್ಲಿ ಸಿಗುತ್ತೆ ಹೇಳಿ.

ಏಪ್ರಿಲ್ ಕೊನೆಯ ಭಾನುವಾರ ವರ್ಲ್ಡ್ 10ಕೆ. ವಾಚಿನಲ್ಲಿ ಕಿಲೋಮೀಟರಿಗೆ 5:58 ತೋರಿಸುವ ಹಾಗೆ ಓಡಿದೆ. ಹತ್ತು ಕಿಲೋಮೀಟರಿಗೆ 59:40 ಆಗುತ್ತದೆ, ಇಪ್ಪತ್ತು ಸೆಕೆಂಡು ಕೈಯಲ್ಲಿರುತ್ತದೆ ಅಂತ ಲೆಕ್ಕ. ಕಾಲು ಕೊನೆವರೆಗೂ ಮಾತು ಕೇಳಿತು. 59:40ಕ್ಕೆ ಸರಿಯಾಗಿ ವಾಚು ಹತ್ತು ಆಯಿತು ಅಂತ ಸದ್ದು ಮಾಡಿತು. ತಲೆಯೆತ್ತಿ ನೋಡಿದರೆ ಗೆರೆ ಇನ್ನೂ 150 ಮೀಟರ್ ದೂರ. ಮುಗಿಸಿದ್ದು 60:34ಕ್ಕೆ.

ಇದು ಯಾಕಾಯಿತು ಅಂತ ಆಮೇಲೆ ತಿಳಿದುಕೊಂಡೆ. ಓಟದ ದಾರಿಯನ್ನು ತಿರುವುಗಳ ಒಳಅಂಚಿಗೆ ಹತ್ತಿರವಾಗಿ, ಎಲ್ಲಕ್ಕಿಂತ ಚಿಕ್ಕ ಗೆರೆಯಲ್ಲಿ ಅಳೆದಿರುತ್ತಾರೆ. ನಾವು ಜನರ ನಡುವೆ ಅತ್ತಿತ್ತ ಸರಿಯುತ್ತಾ, ತಿರುವಿನಲ್ಲಿ ಹೊರಗಿನಿಂದ ಸುತ್ತುತ್ತಾ ಜಾಸ್ತಿ ದೂರ ಓಡುತ್ತೇವೆ. ಸಾಲದ್ದಕ್ಕೆ ಎತ್ತರದ ಕಟ್ಟಡ, ಮರಗಳ ಕೆಳಗೆ ವಾಚಿನ ಜಿಪಿಎಸ್ ಕೂಡ ತಪ್ಪುತ್ತದೆ. ಹಾಗಾಗಿ 60ರ ಒಳಗೆ ಬರಬೇಕಾದರೆ ವಾಚಿನಲ್ಲಿ 5:54 ಇರಬೇಕು. ಅಥವಾ ವಾಚು ಬಿಟ್ಟು ದಾರಿಯಲ್ಲಿ ನಿಲ್ಲಿಸಿರುವ ಕಿಲೋಮೀಟರ್ ಬೋರ್ಡುಗಳನ್ನೇ ನೋಡಬೇಕು. ಮುಂದಿನ ಸಲ ನಾನು ಬೋರ್ಡು ನೋಡಿಯೇ ಓಡುವವಳು.

ಬೇಜಾರಾಯಿತಾ? ಆಯಿತು, ಒಂದು ಹತ್ತು ನಿಮಿಷ. ಆಮೇಲೆ ನೀರಿನ ಬಾಟಲಿ ಹಿಡಿದು ಬೇಲಿ ಪಕ್ಕ ನಿಂತು ಅಕ್ಕನಿಗೆ ಕಾದೆ. 76 ನಿಮಿಷಕ್ಕೆ ಬಂದಳು, ಮೊದಲ ಸಲಕ್ಕಿಂತ ಎರಡು ನಿಮಿಷ ಬೇಗ. ಅವಳ ತುಟಿ ಅಲ್ಲಾಡುತ್ತಿತ್ತು. ಕೊನೆಯ ತಿರುವಿನಲ್ಲೂ ಮಗ್ಗಿ ಹೇಳುತ್ತಿದ್ದಳಂತೆ.

ಎರಡು ವಾರ ಸುಮ್ನೆ ಓಡಿದೆವು. ಈ ಗುರುವಾರದಿಂದ ಮತ್ತೆ ಮೈದಾನ, 800 ಮೀಟರ್ ಮೂರು ಸಲದಿಂದ ಶುರು, ಗುರಿ ಅದೇ 60. ಹದಿಮೂರರ ಮಗ್ಗಿ ಬಾಯಿಪಾಠ ಆಗಿಬಿಟ್ಟಿದೆ, ಭಾನುವಾರಕ್ಕೆ ಇನ್ನು ಹದಿನೇಳರದ್ದು ಹಿಡಿಯೋಣ ಅಂದಿದ್ದಾಳೆ ಅಕ್ಕ.