ಪಿಜಿ ಸೀಟಿಗೆ ಮುನ್ನ ಕಾಗದಪತ್ರ

ಡಿಗ್ರಿಯ ಕೊನೆಯ ಪರೀಕ್ಷೆ ಮುಗಿಯುತ್ತಲೇ, ಬೇಕಾದ ಕೋರ್ಸಿಗೆ ಅರ್ಜಿ ಎಲ್ಲಿ ಹಾಕಬೇಕೆಂದು ಗೊತ್ತುಮಾಡಿಕೊಳ್ಳಿ. ಎಂ.ಎ., ಎಂ.ಕಾಂ., ಎಂ.ಎಸ್ಸಿ.ಗೆ ಬೆಳಗಾವಿಯ ರಾಣಿ ಚನ್ನಮ್ಮ ವಿ.ವಿ. ಇದೆ, ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿ.ವಿ.ಯೂ ಇದೆ. ಎಂಬಿಎ, ಎಂಸಿಎ, ಎಂ.ಟೆಕ್‌ಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಎಂ.ಟೆಕ್‌ನಲ್ಲಿ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದವರಿಗೆ ಮೊದಲ ಆದ್ಯತೆ. ಬಾಗಲಕೋಟೆ ತೋಟಗಾರಿಕೆ ವಿ.ವಿ.ಯ ಪ್ರಕಟಣೆ ಬೇರೆಯೇ ಬರುತ್ತದೆ.

ಅಂಕ ಇದ್ದವರೂ ಎಡವುವುದು ಹೆಸರಿನಲ್ಲಿ. ನಮ್ಮ ಕಡೆ ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದಿದ್ದರೆ ಇನ್ನೊಂದರಲ್ಲಿ ಹಿಂದಿರುತ್ತದೆ: ಮಾರ್ಕ್ಸ್ ಕಾರ್ಡಿನಲ್ಲಿ ‘ಪಾಟೀಲ ಬಸನಗೌಡ’, ಆಧಾರಿನಲ್ಲಿ ‘ಬಸನಗೌಡ ಪಾಟೀಲ’. ಕಂಪ್ಯೂಟರ್ ಇಬ್ಬರನ್ನೂ ಬೇರೆ ಬೇರೆ ಎಂದೇ ಎಣಿಸುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ತಿದ್ದಿಸಿ. ಅಂಕಪಟ್ಟಿ ತಿದ್ದಿಸಲು ಹೋದರೆ ಆ ವರ್ಷದ ಪ್ರವೇಶವೇ ಕೈತಪ್ಪೀತು.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಆದಾಯದ್ದಕ್ಕೆ ಐದು ವರ್ಷದ ಅವಧಿ ಇರುವುದರಿಂದ ಪಿಯುಸಿಗೆ ಮಾಡಿಸಿದ್ದು ಪಿಜಿ ಹೊತ್ತಿಗೆ ಮುಗಿದಿರುವ ಸಾಧ್ಯತೆ ಹೆಚ್ಚು, ದಿನಾಂಕ ನೋಡಿಕೊಳ್ಳಿ. ಸಂವಿಧಾನದ 371-ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದವರಿಗೆ, ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆ ಅದರಲ್ಲಿಲ್ಲ. ಸುಮ್ಮನೆ ಆ ಕಾಲಂ ತುಂಬಿ ಅರ್ಜಿ ಕೆಡಿಸಿಕೊಳ್ಳಬೇಡಿ. ಕೊಲ್ಹಾಪುರದಲ್ಲಿ ಡಿಗ್ರಿ ಮುಗಿಸಿ ಬರುವ ನಿಪ್ಪಾಣಿ, ಚಿಕ್ಕೋಡಿ ಕಡೆಯವರು ಟಿಸಿ ಜತೆ, ಬೇರೆ ವಿ.ವಿ. ಸೇರಲು ಬೇಕಾದ ಮೈಗ್ರೇಶನ್ ಸರ್ಟಿಫಿಕೇಟಿಗೂ ಅಲ್ಲಿದ್ದಾಗಲೇ ಅರ್ಜಿ ಕೊಟ್ಟು ಬರುವುದು ಒಳ್ಳೆಯದು.

ಸೀಟು ಸಿಕ್ಕಿದ ಮೇಲೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ. ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್, ಕಾಲೇಜಿನ ರಿಜಿಸ್ಟ್ರೇಷನ್ ನಂಬರ್, ಇ-ಅಟೆಸ್ಟೇಷನ್ (ದಾಖಲೆಗಳ ಆನ್‌ಲೈನ್ ದೃಢೀಕರಣ) ಸಂಖ್ಯೆ ಕೈಯಲ್ಲಿಟ್ಟುಕೊಂಡು ಕೂತುಕೊಳ್ಳಿ. ‘ಮಂಜೂರಾಗಿದೆ, ದುಡ್ಡು ಬಂದಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಬ್ಯಾಂಕ್ ಸೀಡಿಂಗ್, ಅಂದರೆ ಆಧಾರಿಗೆ ಖಾತೆಯ ಜೋಡಣೆ. ಹಣ ಬೀಳುವುದು ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ. ಅಲ್ಲಿ ಹಳೆಯ ಖಾತೆ ಕಂಡರೆ ಬೇಕಾದ ಬ್ಯಾಂಕಿಗೆ ಹೋಗಿ ಬದಲಿಸಿಕೊಳ್ಳಿ. ಮೊದಲ ವರ್ಷ ಬಂತೆಂದು ಎರಡನೇ ವರ್ಷ ಸುಮ್ಮನಾಗಬೇಡಿ, ಪ್ರತಿ ವರ್ಷ ಅರ್ಜಿ ಬೇಕು. ಹಾಸ್ಟೆಲ್ಲಿಗೆ ಪ್ರತ್ಯೇಕ ಅರ್ಜಿ.

ಹಾಜರಿ ಶೇ 75ಕ್ಕೆ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅದನ್ನು ವಿಷಯವಾರು ಲೆಕ್ಕ ಹಿಡಿಯುವುದರಿಂದ, ಒಂದರಲ್ಲಿ ಶೇ 90 ಇದ್ದರೂ ಇನ್ನೊಂದರ ಕೊರತೆ ತುಂಬುವುದಿಲ್ಲ. ಪಾರ್ಟ್‌ಟೈಂ ದುಡಿಯುವವರು ಟೈಂಟೇಬಲ್ ಬಂದ ದಿನವೇ ಇದನ್ನು ಕೂಡಿಸಿ ಕಳೆದು ನೋಡಿಕೊಳ್ಳುವುದು ಕ್ಷೇಮ.

ಪಿಎಚ್.ಡಿ. ಮನಸ್ಸಿದ್ದವರಿಗೆ ಪಿಜಿಯಲ್ಲಿ ಶೇ 55 ಬೇಕು, ಮೀಸಲು ವರ್ಗಕ್ಕೆ ಶೇ 5 ರಿಯಾಯಿತಿ. ಅವಧಿ ಕನಿಷ್ಠ 3, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಪ್ರಬಂಧದಲ್ಲಿ ನಕಲು ಸಾಮ್ಯತೆ ಶೇ 10 ದಾಟಿದರೆ ಯುಜಿಸಿಯ 2018ರ ನಿಯಮದಂತೆ ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ. ಶೇ 60 ಮೀರಿದರೆ ನೋಂದಣಿಯೇ ರದ್ದು.