ಪಾವಕ್ಕಿಗೆ ಎಷ್ಟು ಗ್ರಾಂ?

ಊರಿನ ಅಡುಗೆ ಲೆಕ್ಕವೆಲ್ಲ ಪಾವು, ಸೇರು ಎಂಬ ಅಳತೆ ಪಾತ್ರೆಗಳಲ್ಲಿ. ಮುಂಬೈ ಕಡೆಯ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಅಕ್ಕಿ ಸಿಗುವುದು ಕಿಲೋದಲ್ಲಿ. ನಾಲ್ಕು ಪಾವಿಗೆ ಒಂದು ಸೇರು, ಸೇರೆಂದರೆ ಹೆಚ್ಚುಕಡಿಮೆ ಕಿಲೋ, ಹಾಗಾದರೆ ಪಾವು ಕಾಲು ಕಿಲೋ ಎಂದು ಲೆಕ್ಕ ಹಾಕುವವರೇ ಬಹಳ. ಕಿಲೋ ಅಕ್ಕಿ ಬೇಕೆಂದು ನಾಲ್ಕು ಪಾವು ಅಳೆದು ಹಾಕಿ, ನೆಂಟರಿಗೆ ಅನ್ನ ಸಾಲದೆ ಹೋಗುವುದು ಇಲ್ಲೇ. ಸ್ಟೀಲ್ ಪಾವುಗಳ ಗಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ. ಭರ್ತಿ 250 ಮಿಲಿ ನೀರು ಹಿಡಿಯುವ ಪಾವಿನಲ್ಲೂ ಅಕ್ಕಿ ಕೂರುವುದು ಸುಮಾರು 200 ಗ್ರಾಂ. ಐದರಲ್ಲಿ ಎರಡು ಪಾಲು ಜಾಗವನ್ನು ಕಾಳುಗಳ ನಡುವಿನ ಗಾಳಿಯೇ ತಿನ್ನುತ್ತದೆ.

1. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮುಳ್ಳು ತಿರುಗುವ ಸ್ಪ್ರಿಂಗ್ ತಕ್ಕಡಿ ಈ ಕೆಲಸಕ್ಕೆ ಬೇಡವೇ ಬೇಡ. ಸರಿಯಿದೆಯೇ ಎಂದು ನೋಡಲು ಕಿರಾಣಿ ಅಂಗಡಿಯ ಮುದ್ರೆ ಬಿದ್ದ ಅರ್ಧ ಕಿಲೋ ಬಟ್ಟು ಇಟ್ಟು ನೋಡಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಡುವವರಿದ್ದಾರೆ. ಅರ್ಧ ಲೀಟರ್ ಹಾಲು 500 ಗ್ರಾಂಗಿಂತ ಹೆಚ್ಚೇ ತೂಗುತ್ತದೆ.

2. ಖಾಲಿ ಪಾವು ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ ತೂಗಿ. ಎಷ್ಟು ಗ್ರಾಂ ಬಂತೋ ಪಾವು ಅಷ್ಟೇ ಮಿಲಿ. ಆಮೇಲೆ ಒರೆಸಿ ಪೂರ್ತಿ ಒಣಗಿಸಿ.

3. ತುಂಬುವುದು. ಕೆಲಸ ಕೆಡುವುದೆಲ್ಲ ಈ ಹಂತದಲ್ಲೇ. ಪಾವನ್ನು ಅಕ್ಕಿ ಡಬ್ಬಕ್ಕೆ ಅದ್ದಿ ಮೊಗೆಯಬೇಡಿ, ಒಳಗೆ ಒತ್ತಿ ತುಂಬಿಬಿಡುತ್ತದೆ. ಪಾವನ್ನು ಅಗಲ ತಟ್ಟೆಯಲ್ಲಿಟ್ಟು, ಎರಡು ಮೂರು ಇಂಚು ಮೇಲಿಂದ ಒಂದೇ ಧಾರೆಯಾಗಿ ಅಕ್ಕಿ ಸುರಿಯಿರಿ; ಗೋಪುರದಂತೆ ಏಳಲಿ. ಕುಟ್ಟಬಾರದು, ಅಲ್ಲಾಡಿಸಬಾರದು. ನಾಲ್ಕು ಸಲ ನೆಲಕ್ಕೆ ಕುಟ್ಟಿದರೆ ಅದೇ ಪಾವಿಗೆ ಇನ್ನೂ ಒಂದು ಹಿಡಿಯಷ್ಟು ಅಕ್ಕಿ ಹಿಡಿಸುತ್ತದೆ. ಮೇಲಿನದನ್ನು ಚಾಕುವಿನ ನೇರ ಬೆನ್ನಿಂದ ಒಂದೇ ಸಲಕ್ಕೆ ಸವರಿ. ಬೆರಳಿಂದ ಸವರಿದರೆ ನಡುವೆ ಗುಳಿ ಬೀಳುತ್ತದೆ. ಬಾಸ್ಮತಿಯ ಉದ್ದ ಕಾಳು ಅಂಚಿಗೆ ಸಿಕ್ಕಿಕೊಂಡು ಅಕ್ಕಪಕ್ಕದವನ್ನೂ ಎಳೆದುಕೊಂಡು ಹೋಗುತ್ತದೆ. ಆ ಗುಂಡಿಗೆ ಚಿಟಿಕೆ ಅಕ್ಕಿ ಉದುರಿಸಿ ಮತ್ತೊಮ್ಮೆ ಸವರಿ. ಬಾಯಿ ಅಗಲವಾದ ಬಟ್ಟಲಿನಲ್ಲಿ ಅಳೆಯಲೇಬೇಡಿ, ಅಲ್ಲಿ ಒಂದೆರಡು ಮಿಲಿಮೀಟರ್ ಎತ್ತರದ ವ್ಯತ್ಯಾಸಕ್ಕೂ ಹತ್ತಾರು ಗ್ರಾಂ ಏರುಪೇರು.

ಐದು ಸಲ ಹೀಗೆ ತುಂಬಿ ತೂಗಿ ಸರಾಸರಿ ತೆಗೆಯಿರಿ. ಒಂದಕ್ಕೊಂದು ಐದಾರು ಗ್ರಾಂಗಿಂತ ಹೆಚ್ಚು ಅಂತರ ಬಂದರೆ ಸುರಿಯುವ ಕೈ ಸಮವಾಗಿಲ್ಲ ಎಂದರ್ಥ.

4. ಅಕ್ಕಿಯ ಗ್ರಾಂ ಅನ್ನು ನೀರಿನ ಗ್ರಾಂನಿಂದ ಭಾಗಿಸಿ. ಪಾವಿಗೆ ನೀರು 182, ಅಕ್ಕಿ 148 ಬಂತು ಎನ್ನೋಣ: 0.81. ಇನ್ನು ಯಾವ ಅಳತೆಯಾದರೂ ಗುಣಿಸಿದರಾಯಿತು. 240 ಮಿಲಿಯ ಮೂರು ಕಪ್ ಎಂದರೆ 720 ಮಿಲಿ, ಅಂದರೆ 583 ಗ್ರಾಂ. ಒಣ ಅಕ್ಕಿಗೆ ಈ ಅಂಕಿ ಸಾಮಾನ್ಯವಾಗಿ 0.75ರಿಂದ 0.85ರೊಳಗೆ ಬರುತ್ತದೆ. 0.95 ಬಂದರೆ ನೀವು ಕುಟ್ಟಿದ್ದೀರಿ.

ಈ ಅಂಕಿ ಒಂದು ಜಾತಿಯ ಅಕ್ಕಿಯದು. ವಾಡಾ ಕೋಲಂ, ಪುಣೆಯ ಇಂದ್ರಾಯಣಿ, ಗೋವಾದ ಉಕಡೆ, ಊರಿನ ಕುಚ್ಚಲಕ್ಕಿ, ಒಂದೊಂದನ್ನೂ ಬೇರೆ ಬೇರೆಯಾಗಿ ತೂಗಿ, ಡಬ್ಬದ ಮೇಲೆ ಚೀಟಿ ಅಂಟಿಸಿ. ತೊಳೆದ ಅಕ್ಕಿ ತೂಗಿದರೆ ನೀರನ್ನೂ ಸೇರಿಸಿ ತೂಗಿದಂತೆ.

ಇಡ್ಲಿಗೆ ನಾಲ್ಕಕ್ಕೆ ಒಂದು ಎನ್ನುವ ಲೆಕ್ಕ ತೂಕದಲ್ಲೂ ಹೆಚ್ಚುಕಡಿಮೆ ನಡೆಯುತ್ತದೆ, ಉದ್ದಿನಬೇಳೆಯ ಅಂಕಿ ಅಕ್ಕಿಯ ಹತ್ತಿರವೇ ಇರುವುದರಿಂದ. ಅವಲಕ್ಕಿಗೆ ನಡೆಯದು, ಅದು ಅಕ್ಕಿಯ ಅರ್ಧದಷ್ಟೂ ತೂಗುವುದಿಲ್ಲ.

ರೈಸ್ ಕುಕ್ಕರ್ ಜೊತೆ ಬರುವ ಪುಟ್ಟ ಕಪ್ ಸಾಮಾನ್ಯವಾಗಿ 180 ಮಿಲಿ, ಸುಮಾರು 145ರಿಂದ 150 ಗ್ರಾಂ ಅಕ್ಕಿ. ಒಳಪಾತ್ರೆಯ ಗೆರೆಗಳೂ ಅದರ ಲೆಕ್ಕದವೇ. ಆ ಕಪ್ ಕಳೆದುಹೋಗಿ 240 ಮಿಲಿ ಕಪ್ಪಿನಲ್ಲಿ ಅಕ್ಕಿ ಹಾಕಿ ಗೆರೆಯವರೆಗೆ ನೀರು ಹೊಯ್ದರೆ ಅನ್ನ ಕಾಳು ಕಾಳಾಗಿ ಉಳಿಯುತ್ತದೆ. ಹೊಸ ಕಪ್ ಹುಡುಕಬೇಕಿಲ್ಲ, ಪ್ರತಿ ಗೆರೆಗೆ 150 ಗ್ರಾಂ ತೂಗಿ ಹಾಕಿ.