ಮಳೆ ಹಿಡಿಯುವ ಮೊದಲು ಕಾರಿನ ಆಯಿಲ್ ಬದಲಿಸುವ ಬಗೆ

ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೊರಟಿದ್ದೆವು. ತಿರುವು ಇನ್ನೂ ಮುಗಿದಿರಲಿಲ್ಲ, ಸ್ಟಿಯರಿಂಗಿನ ಮುಂದೆ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಂಡಿತು. ಆ ದೀಪ ಹೊತ್ತಿದ ಮೇಲೆ ‘ಮುಂದಿನ ಊರಿನವರೆಗೆ ಹೋಗೋಣ’ ಅನ್ನುವ ಮಾತೇ ಇಲ್ಲ. ಅಗಲ ಜಾಗ ಸಿಕ್ಕಿದ ತಕ್ಷಣ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿದೆ. ಬಗ್ಗಿ ನೋಡಿದರೆ ಆಯಿಲ್ ಸೋಸುವ ಫಿಲ್ಟರಿನ ಸುತ್ತಲಿಂದ ಆಯಿಲ್ ಧಾರೆಯಾಗಿ ಇಳಿಯುತ್ತಿತ್ತು. ನಾಲ್ಕೇ ದಿನದ ಹಿಂದೆ ಒಂದು ಗ್ಯಾರೇಜಿನಲ್ಲಿ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿಕೊಂಡು ಬಂದಿದ್ದೆವು. ಹಳೇ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿ ಉಳಿದುಬಿಟ್ಟಿತ್ತು. ಅದನ್ನು ನೋಡದೆ ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದ್ದರು. ರಬ್ಬರಿನ ಮೇಲೆ ರಬ್ಬರ್ ಕೂತರೆ ಮೊದಲೆರಡು ದಿನ ಹಿಡಿದ ಹಾಗೆ ಕಾಣುತ್ತದೆ. ಆಯಿಲಿನ ಒತ್ತಡಕ್ಕೆ ಒಂದು ಜಾರಿತೋ, ಇದ್ದಬದ್ದದ್ದೆಲ್ಲ ರಸ್ತೆಗೆ.

ಅವತ್ತಿನಿಂದ ಈ ಕೆಲಸ ನನ್ನದು. ಮನೆ ಇರುವುದು ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಒಳಗೆ, ತೋಟದ ಮೇಲೆ. ನಾನು ಕಲಿಸುವ ಶಾಲೆ ನಾಲ್ಕು ಕಿಲೋಮೀಟರ್. ಕಾರು ಹಳೇ ಪೆಟ್ರೋಲ್ ವ್ಯಾಗನ್ ಆರ್. ನಮ್ಮ ಕಡೆಯ ಮನೆಗಳಲ್ಲಿ ಇಂಥ ಸಣ್ಣ ಪೆಟ್ರೋಲ್ ಕಾರೇ ಹೆಚ್ಚು, ಅದಕ್ಕೇ ನನ್ನ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬುದು ಸಾಮಾನ್ಯ ಲೆಕ್ಕ. ನನ್ನ ಕಾರು ವರ್ಷಕ್ಕೆ ಹತ್ತು ಸಾವಿರ ಓಡುವುದೇ ಇಲ್ಲ, ಆದರೂ ವರ್ಷ ತುಂಬಿದರೆ ನಾನು ಬಿಡುವುದಿಲ್ಲ. ಕಾರಣ ಆ ನಾಲ್ಕು ಕಿಲೋಮೀಟರ್. ಎಂಜಿನ್ ಸರಿಯಾಗಿ ಬಿಸಿಯಾಗುವುದರೊಳಗೆ ಶಾಲೆ ಬಂದಿರುತ್ತದೆ. ಒಳಗಿನ ನೀರಿನ ಪಸೆ ಆವಿಯಾಗಿ ಹೋಗಲು ಸಮಯವೇ ಸಿಗದೆ ಆಯಿಲಿನಲ್ಲಿ ಸೇರಿಕೊಳ್ಳುತ್ತದೆ, ಉರಿಯದ ಪೆಟ್ರೋಲೂ ಅಷ್ಟಿಷ್ಟು ಬೆರೆಯುತ್ತದೆ. ಆಷಾಢದಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ: ಒಳಮೈಗೆ ಮಜ್ಜಿಗೆಯ ಬಣ್ಣದ ಲೋಳೆ ಹತ್ತಿರುತ್ತದೆ. ಮೊದಲ ಸಲ ನೋಡಿದಾಗ ಎಂಜಿನ್ನೇ ಹೋಯಿತು ಎಂದು ಹೆದರಿದ್ದೆ. ಆಯಿಲಿನ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿರುವ ಆಯಿಲ್ ಸ್ವಚ್ಛವಾಗಿದ್ದು, ರೇಡಿಯೇಟರಿನ ನೀರು ಇಳಿಯದೆ ಇದ್ದರೆ ಅದು ಬರೀ ಪಸೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲು ಹಾಕಿದ ಚಹಾದಂತೆ ಕಂಡರೆ ಮಾತ್ರ ಕಾರು ಹೊರಗೆ ತೆಗೆಯದೆ ಮೆಕ್ಯಾನಿಕ್ಕಿಗೆ ಹೇಳಿಕಳಿಸಿ.

ನಾನು ಆರಿಸಿಕೊಳ್ಳುವ ಕಾಲ ಮೇ ತಿಂಗಳ ಕೊನೆ. ತೋಟದಲ್ಲಿ ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಹೊತ್ತು, ಅಂಗಳ ಇನ್ನೂ ಒಣಗಿರುತ್ತದೆ, ಶಾಲೆಗೂ ರಜೆ.

ಬೇಕಾದದ್ದು ಹೆಚ್ಚಿಲ್ಲ. ಆಯಿಲ್, ಫಿಲ್ಟರ್, ಎಂಜಿನ್ನಿನ ತಳದಲ್ಲಿ ಆಯಿಲ್ ಇಳಿಸಲು ಇರುವ ಡ್ರೈನ್ ಬೋಲ್ಟಿನ ಹೊಸ ವಾಷರ್, ರಿಂಗ್ ಪಾನಾ, ಆಲಿಕೆ, ಕೈಗವಸು, ಹಳೇ ಪಂಚೆಯ ತುಂಡು, ಅಗಲ ಬಾಯಿಯ ಪಾತ್ರೆ. ನನ್ನ ಕಾರಿಗೆ 17ರ ಪಾನಾ ಹತ್ತುತ್ತದೆ, ನಿಮ್ಮದನ್ನು ಮೊದಲೇ ಹಾಕಿ ನೋಡಿಕೊಳ್ಳಿ. ಪಾತ್ರೆ ಎಂದರೆ ಐದು ಲೀಟರಿನ ಹಳೇ ಆಯಿಲ್ ಕ್ಯಾನನ್ನೇ ಅಡ್ಡ ಮಲಗಿಸಿ, ಮೇಲಿನ ಬದಿ ಕೊಯ್ದದ್ದು. ಮತ್ತೆ ಅಡುಗೆಗೋ ದನದ ಅಕ್ಕಚ್ಚಿಗೋ ಬಳಸುವ ಪಾತ್ರೆ ಬೇಡವೇ ಬೇಡ.

ಆಯಿಲ್ ಯಾವುದೆಂದು ಕಾರಿನ ಕೈಪಿಡಿ ಹೇಳುತ್ತದೆ, ಅಂಗಡಿಯವರಲ್ಲ. 5ಡಬ್ಲ್ಯೂ-30 ಎಂದಿದ್ದರೆ, ಡಬ್ಲ್ಯೂ ಜೊತೆಗಿನ 5 ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಗುರುತು, 30 ಅಂದರೆ 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಎಂಬುದು. ಅದರ ಕೆಳಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಎಸ್‌ಎನ್, ಎಸ್‌ಪಿ ಎಂಬ ಗುಣಮಟ್ಟದ ಅಕ್ಷರಗಳಿರುತ್ತವೆ. ಎಸ್‌ಪಿ 2020ರಲ್ಲಿ ಬಂದದ್ದು, ಎಸ್‌ಎನ್ ಕೇಳುವ ಕಾರಿಗೆ ಧಾರಾಳ ಆಗುತ್ತದೆ. ಬೈಕಿನ 20ಡಬ್ಲ್ಯೂ-40 ಅಗ್ಗ ಎಂದು ಕಾರಿಗೆ ಹಾಕಬೇಡಿ. ಕಾರಿನಲ್ಲಿ ಉಳಿದದ್ದನ್ನು ಬೈಕಿಗೂ ಹಾಕಬೇಡಿ, ಹೆಚ್ಚಿನ ಬೈಕುಗಳ ಕ್ಲಚ್ ಆಯಿಲಿನಲ್ಲೇ ಮುಳುಗಿರುವುದರಿಂದ ಅದು ಜಾರತೊಡಗುತ್ತದೆ. ನಾನು ಮೂರೂವರೆ ಲೀಟರಿನ ಡಬ್ಬಿ ತರುತ್ತೇನೆ, ಸ್ವಲ್ಪ ಉಳಿಯುತ್ತದೆ. ಸೀಲ್ ಒಡೆದ ಡಬ್ಬಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಈಗ ಕಾರು ಎತ್ತುವ ವಿಷಯ. ಇದೊಂದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮಲ್ಲಿ ಏನನ್ನಾದರೂ ಎತ್ತರಿಸಬೇಕಾದರೆ ಕೈ ಹೋಗುವುದು ಚಿರೆಕಲ್ಲಿಗೆ. ಅಂಗಳದ ಮೂಲೆಯಲ್ಲಿ ನಾಲ್ಕಾದರೂ ಬಿದ್ದಿರುತ್ತವೆ. ಗೋಡೆಗೆ ಅದು ಗಟ್ಟಿ. ಕಾರಿನ ಭಾರ ಒಂದೇ ಅಂಚಿಗೆ ಬಿದ್ದಾಗ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಡಿಕ್ಕಿಯಲ್ಲಿರುವ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ, ಅದರ ಭರವಸೆಯಲ್ಲಿ ಕೆಳಗೆ ತಲೆ ಹಾಕಬಾರದು, ಅದರ ಅಡಿಗೆ ನಮ್ಮ ಮಣ್ಣಿನ ಅಂಗಳವೂ ಕುಸಿಯುತ್ತದೆ. ಜಾಕ್ ಸ್ಟ್ಯಾಂಡ್ ಇದ್ದರೆ ಅಡಿಗೆ ದಪ್ಪ ಹಲಗೆ ಕೊಟ್ಟು ಇಡಿ. ನಾನು ಮಾಡಿಕೊಂಡ ದಾರಿ ಬೇರೆ: ಆಚಾರಿಯಿಂದ ದಪ್ಪ ಹಲಗೆಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಬೋಲ್ಟ್ ಹಾಕಿಸಿ ಎರಡು ಇಳಿಜಾರು ಮಾಡಿಸಿದ್ದೇನೆ. ಮುಂದಿನ ಎರಡು ಚಕ್ರ ಅದರ ಮೇಲೆ ಹತ್ತುತ್ತವೆ. ತುದಿಗೆ ಅಡ್ಡಪಟ್ಟಿ ಇದೆ, ಚಕ್ರ ದಾಟಿ ಹೋಗುವುದಿಲ್ಲ. ಹತ್ತಿಸುವಾಗ ನಮ್ಮ ಮನೆಯವರು ಪಕ್ಕದಲ್ಲಿ ನಿಂತು ನೋಡಬೇಕು, ಎದುರಿಗೆ ಯಾರೂ ನಿಲ್ಲುವ ಹಾಗಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಬದಿ ಮರದ ತುಂಡು ಕೊಟ್ಟ ಮೇಲೇ ನಾನು ಕೆಳಗೆ ಹೋಗುವುದು.

ಅದಕ್ಕೂ ಮೊದಲು ಐದು ನಿಮಿಷ ಎಂಜಿನ್ ಓಡಿಸಿ. ಬೆಚ್ಚಗಿನ ಆಯಿಲ್ ಸಲೀಸಾಗಿ ಇಳಿಯುತ್ತದೆ, ತಳದ ಕೊಳೆಯನ್ನೂ ಜೊತೆಗೆ ಒಯ್ಯುತ್ತದೆ. ಊರೆಲ್ಲ ಸುತ್ತಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುವುದು ಖಂಡಿತ. ಮೇಲಿನ ಮುಚ್ಚಳ ಸಡಿಲಿಸಿ, ಪಾತ್ರೆ ಇಟ್ಟು, ಡ್ರೈನ್ ಬೋಲ್ಟನ್ನು ಎಡಕ್ಕೆ ತಿರುಗಿಸಿ. ಕೊನೆಯ ಸುತ್ತುಗಳನ್ನು ಕೈಯಲ್ಲೇ, ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೇ ಬಿಚ್ಚಿ, ಆಮೇಲೆ ಸಟ್ಟನೆ ಬದಿಗೆ ತೆಗೆಯಿರಿ. ಮೊದಲ ಧಾರೆ ಎಣಿಸಿದ್ದಕ್ಕಿಂತ ದೂರ ಚಿಮ್ಮುತ್ತದೆ. ಹನಿ ಹನಿಯಾಗುವವರೆಗೆ ಕಾಲು ಗಂಟೆ ಬಿಡಿ. ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಮೊದಲು ಬರೀ ಬೆರಳಲ್ಲಿ ತಿರುಗಿಸಿ, ಆಮೇಲೆ ಪಾನಾ. ಹಿಡಿಯಿತು ಅನ್ನಿಸಿದ ಮೇಲೆ ಒಂದು ಸಣ್ಣ ಎಳೆತ ಸಾಕು. ಇಲ್ಲಿ ಪೂರ್ತಿ ಬಲ ಹಾಕಿ ಥ್ರೆಡ್ ಹಾಳುಮಾಡಿಕೊಂಡರೆ ಆಯಿಲ್ ತುಂಬಿರುವ ತಳದ ಚೇಂಬರನ್ನೇ ಬದಲಿಸುವ ಪ್ರಸಂಗ ಬರುತ್ತದೆ.

ಇನ್ನು ಫಿಲ್ಟರ್. ಕೈಗೆ ಬರದಿದ್ದರೆ ಉಪ್ಪುಕಾಗದ ಸುತ್ತಿ ತಿರುಗಿಸಿ, ಇಲ್ಲವೇ ಪಟ್ಟಿಯಿರುವ ಫಿಲ್ಟರ್ ಪಾನಾ ತನ್ನಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿದರೆ ತಗಡು ಹರಿದು, ಹಿಡಿಯಲು ಜಾಗವೇ ಇಲ್ಲದಂತಾಗಬಹುದು. ಬಿಚ್ಚಿ ಬಂದ ಕೂಡಲೇ ತಿರುಗಿಸಿ ನೋಡಿ: ರಬ್ಬರ್ ರಿಂಗು ಅದರ ಮೇಲೇ ಇದೆಯೇ? ಇಲ್ಲದಿದ್ದರೆ ಅದು ಎಂಜಿನ್ ಬದಿಯಲ್ಲಿದೆ. ಇದ್ದರೂ ನಾನು ಟಾರ್ಚ್ ಬಿಟ್ಟು, ಫಿಲ್ಟರ್ ಕೂರುವ ಜಾಗದ ಸುತ್ತ ಬೆರಳಾಡಿಸಿ, ಬಟ್ಟೆಯಲ್ಲಿ ಒರೆಸಿ, ಮತ್ತೊಮ್ಮೆ ನೋಡುತ್ತೇನೆ. ದೇವಿಮನೆಯಲ್ಲಿ ಕಲಿತದ್ದು ಇಷ್ಟೇ. ಹೊಸ ರಿಂಗಿಗೆ ಹೊಸ ಆಯಿಲನ್ನು ಬೆರಳಲ್ಲಿ ಸವರಿ, ಕೈಯಲ್ಲೇ ತಿರುಗಿಸಿ. ರಬ್ಬರ್ ತಾಗಿದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಮುಕ್ಕಾಲು ಸುತ್ತು. ಫಿಲ್ಟರಿನ ಮೇಲೆ ಬೇರೆ ಬರೆದಿದ್ದರೆ ಅದರಂತೆ ಮಾಡಿ. ಬಿಗಿಮಾಡಲು ಪಾನಾ ಬೇಡ.

ಮೇಲಿನಿಂದ ಮೊದಲು ಎರಡೂವರೆ ಲೀಟರ್ ಹಾಕುತ್ತೇನೆ. ಗೇರನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ ಚಾಲೂ ಮಾಡಿದಾಗ ಕೆಂಪು ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಬಂದ್. ಒಂದು ನಿಮಿಷ ಓಡಿಸಿ, ಬೋಲ್ಟ್ ಮತ್ತು ಫಿಲ್ಟರಿನ ಸುತ್ತ ಪಸೆ ಇಲ್ಲವೆಂದು ದೂರದಿಂದಲೇ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಕಾರನ್ನು ಸಮ ನೆಲಕ್ಕೆ ಇಳಿಸಿ, ಐದು ನಿಮಿಷ ಕಾದು, ಡಿಪ್‌ಸ್ಟಿಕ್ ಒರೆಸಿ ನೋಡಿ. ಮೇಲಿನ ಗುರುತಿನ ಹತ್ತಿರ ಬರುವವರೆಗೆ ಸ್ವಲ್ಪ ಸ್ವಲ್ಪವೇ ಹಾಕಿ. ಗುರುತು ದಾಟಬಾರದು, ಹೆಚ್ಚಾದ ಆಯಿಲ್ ಕಡೆದು ನೊರೆಯಾಗುತ್ತದೆ, ನೊರೆ ಎಂಜಿನ್ನನ್ನು ಕಾಪಾಡುವುದಿಲ್ಲ. ತಾರೀಕು ಮತ್ತು ಕಿಲೋಮೀಟರನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.

ಹಳೇ ಆಯಿಲ್ ಏನು ಮಾಡುವುದು? ಮೊದಲ ವರ್ಷ ಪಾತ್ರೆ ಎತ್ತಿಕೊಂಡು ಹೊರಟಾಗ ಮಾವ ಜಗುಲಿಯಿಂದಲೇ ಹೇಳಿದ್ದರು: “ತಂಗೀ, ಚೆಲ್ಲಡ, ಬೇಲಿ ಗೂಟಕ್ಕೆ ಹಚ್ಚಲೆ ಆಗ್ತು.” ಒರಲೆ (ಗೆದ್ದಲು) ಬಾರದಿರಲೆಂದು ನಮ್ಮ ಕಡೆ ಎಲ್ಲರೂ ಮಾಡುವುದು ಅದೇ. ನಾನು ಬೇಡ ಎಂದೆ. ಓಡಿದ ಆಯಿಲಿನಲ್ಲಿ ಸವೆದ ಲೋಹದ ಕಣಗಳಿರುತ್ತವೆ, ಕ್ಯಾನ್ಸರ್ ತರಬಲ್ಲ ಸುಟ್ಟ ಪದಾರ್ಥಗಳಿರುತ್ತವೆ. ಕೈಗವಸು ಹೇಳಿದ್ದೂ ಅದಕ್ಕೇ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ಗೂಟಕ್ಕೆ ಬಳಿದದ್ದು ಒಂದೇ ಮಳೆಗಾಲಕ್ಕೆ ಕಾಲುವೆಗೆ ಇಳಿಯುತ್ತದೆ, ಕಾಲುವೆಯಿಂದ ನಮ್ಮ ಹಳ್ಳಕ್ಕೆ, ಹಳ್ಳದಿಂದ ಅಘನಾಶಿನಿಗೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಸಮುದ್ರ ಸೇರುವವರೆಗೆ ಒಂದು ಅಣೆಕಟ್ಟೂ ಇಲ್ಲದೆ ಹರಿಯುವ ಹೊಳೆ ಅದು. ಅದರ ಅಳಿವೆಯಲ್ಲಿ ಎಷ್ಟೋ ಮನೆಯವರು ಸೊಂಟದ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಜೀವಿ ಹೆಕ್ಕಿ ಬದುಕುತ್ತಾರೆ. ಮಾವ ಕೇಳಿ ಸುಮ್ಮನಾದರು. ಮರುವರ್ಷ ಅವರೇ ಕ್ಯಾನ್ ತಂದುಕೊಟ್ಟರು.

ಹಾಗಾಗಿ ಹಳೇ ಆಯಿಲನ್ನು ಆಯಿಲಿನದೇ ಖಾಲಿ ಡಬ್ಬಿಯೊಂದಕ್ಕೆ ಸೋಸಿ ತುಂಬಿ, ಮೇಲೆ ‘ಹಳೇ ಆಯಿಲ್’ ಎಂದು ಬರೆದಿಡುತ್ತೇನೆ. ನೀರು, ಪೆಟ್ರೋಲ್, ಮೈಲುತುತ್ತಿನ ದ್ರಾವಣ ಯಾವುದೂ ಅದರಲ್ಲಿ ಬೆರೆಯಬಾರದು, ಬೆರೆತರೆ ಶುದ್ಧೀಕರಿಸಿ ಮತ್ತೆ ಬಳಸಲು ಕಷ್ಟ. ಫಿಲ್ಟರನ್ನು ಬೋರಲು ಹಾಕಿ ರಾತ್ರಿಯಿಡೀ ಬಸಿಯುತ್ತೇನೆ. ಚೆಲ್ಲಿದ ಕಡೆ ಮರದ ಹುಡಿ ಹಾಕಿ ಒರೆಸಿ, ಆ ಹುಡಿಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟುತ್ತೇನೆ. ಅದು ಬಚ್ಚಲ ಒಲೆಗೂ ಅಲ್ಲ, ಗೊಬ್ಬರದ ಗುಂಡಿಗೂ ಅಲ್ಲ. ಪೇಟೆಯಲ್ಲಿ ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಗಿ ಇರುವವರಿಗೆ ಕೊಡುವ ಗ್ಯಾರೇಜುಗಳಿವೆ, ‘ಇದು ಎಲ್ಲಿಗೆ ಹೋಗುತ್ತದೆ’ ಎಂದು ಕೇಳಿಯೇ ಕೊಡಿ. ಈ ವರ್ಷದ ಡಬ್ಬಿ ಕೊಟ್ಟಿಗೆಯ ಅಟ್ಟದಲ್ಲಿದೆ, ಶನಿವಾರ ಪೇಟೆಗೆ ಹೋಗುವಾಗ ಒಯ್ಯುತ್ತೇನೆ.